ಕೆಂಪು ನೀರು, ತಿಳಿ ನೀರು: ಕ್ಷೇತ್ರ ಪರೀಕ್ಷಾ ಕಿಟ್ಟಿನ ಬಣ್ಣಗಳ ಹಿಂದಿರುವ ರಸಾಯನಶಾಸ್ತ್ರ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರನ್ವಯ ಕುಡಿಯುವ ನೀರಿನ ಪೂರೈಕೆಯು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಒಂದು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆಯೂ ಇದೆ. ಅವರು ನಡೆಸಿದ ಪರೀಕ್ಷೆಯ ಫಲಿತಾಂಶವು ಪಂಚಾಯಿತಿಯ ಸಭೆಗೆ ಒಂದು ಅಂಕಿಯಾಗಿ ಬರುತ್ತದೆ, ನಡಾವಳಿಯಲ್ಲಿ ದಾಖಲಾಗುತ್ತದೆ. ಆ ಅಂಕಿಯು ಮೂಲತಃ ಒಂದು ಸಣ್ಣ ಗಾಜಿನ ನಳಿಕೆಯಲ್ಲಿ ಕಂಡ ಬಣ್ಣ. ಆ ಬಣ್ಣವು ಹಲವು ಪರೀಕ್ಷೆಗಳಲ್ಲಿ ಒಂದು ಲೋಹದ ಪರಮಾಣುವಿನಿಂದಲೂ ಅದನ್ನು ಸುತ್ತುವರಿದಿರುವ ಅಣುಗಳಿಂದಲೂ ಉಂಟಾದುದು. ಇದನ್ನು ತಿಳಿಯದೆ ಅಂಕಿಯನ್ನು ಮಾತ್ರ ನೋಡಿದರೆ ಆಗಬಹುದಾದ ತಪ್ಪು ಚಿಕ್ಕದಲ್ಲ.

ಉದಾಹರಣೆಗೆ, ಎರಡು ಕೊಳವೆಬಾವಿಗಳಿರುವ ಒಂದು ಗ್ರಾಮವನ್ನು ಭಾವಿಸಿಕೊಳ್ಳಬಹುದು. ಮೊದಲನೆಯದರ ನೀರು ಪಂಪಿನಿಂದ ಹೊರಬರುವಾಗ ತಿಳಿಯಾಗಿದ್ದು, ಕೊಡದಲ್ಲಿ ಒಂದೆರಡು ಗಂಟೆ ನಿಂತರೆ ಕೆಂಪಾಗುತ್ತದೆ. ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ, ಅನ್ನ ಹಳದಿಯಾಗುತ್ತದೆ, ಚಹಾ ಮಸಿಯಂತೆ ಕಪ್ಪಾಗುತ್ತದೆ. ಎರಡನೆಯದರ ನೀರು ಸ್ಫಟಿಕದಂತಿದೆ, ಬಾಯಿಗೆ ಹಿತವಾಗಿದೆ, ಸೋಪು ಚೆನ್ನಾಗಿ ನೊರೆ ಕೊಡುತ್ತದೆ. ಗ್ರಾಮಸಭೆಯಲ್ಲಿ ಬರುವ ಬೇಡಿಕೆ ಏನಿರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ: ಕೆಂಪು ನೀರಿನ ಬಾವಿಯನ್ನು ಮುಚ್ಚಿ, ತಿಳಿ ನೀರಿನ ಬಾವಿಯಿಂದಲೇ ಇಡೀ ಊರಿಗೆ ನಲ್ಲಿ ಕೊಡಿ. ಮೊದಲನೆಯದರಲ್ಲಿ ಲೀಟರಿಗೆ 2.5 ಮಿಲಿಗ್ರಾಂ ಕಬ್ಬಿಣವೂ ಎರಡನೆಯದರಲ್ಲಿ ಲೀಟರಿಗೆ 2.8 ಮಿಲಿಗ್ರಾಂ ಫ್ಲೋರೈಡೂ ಇದ್ದರೆ, ಈ ನಿರ್ಣಯದಿಂದ ಊರಿನ ಮಕ್ಕಳ ಹಲ್ಲುಗಳಿಗೆ ಹಾನಿಯಾಗುತ್ತದೆ. ಹಾಗೂ ಆ ಹಾನಿ ಕಣ್ಣಿಗೆ ಬೀಳಲು ವರ್ಷಗಳೇ ಬೇಕಾಗುತ್ತವೆ.

ಕಬ್ಬಿಣದ ಎರಡು ಲೆಕ್ಕಗಳು

ಮೊದಲು ಕೆಂಪು ನೀರನ್ನು ನೋಡೋಣ. ಭೂಮಿಯ ಆಳದಲ್ಲಿ ಗಾಳಿಯ ಸಂಪರ್ಕ ಬಹಳ ಕಡಿಮೆ. ಅಲ್ಲಿ ಕಬ್ಬಿಣದ ಪರಮಾಣು ತನ್ನ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಸ್ಥಿತಿಯಲ್ಲಿ ನೀರಿನಲ್ಲಿ ಕರಗಿರುತ್ತದೆ. ಇದನ್ನು +2 ಉತ್ಕರ್ಷಣ ಸ್ಥಿತಿ ಎನ್ನುತ್ತಾರೆ. ಈ ಪ್ರಮಾಣದಲ್ಲಿ ಕರಗಿದ +2 ಕಬ್ಬಿಣಕ್ಕೆ ಕಣ್ಣಿಗೆ ಕಾಣುವ ಬಣ್ಣವಿಲ್ಲ. ನೀರು ತಿಳಿಯಾಗಿಯೇ ತೋರುತ್ತದೆ. ನೀರು ಮೇಲೆ ಬಂದು ಗಾಳಿಗೆ ತೆರೆದುಕೊಂಡ ಕೂಡಲೇ ಆಮ್ಲಜನಕವು ಇನ್ನೊಂದು ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಕಬ್ಬಿಣ +3 ಸ್ಥಿತಿಗೆ ಬರುತ್ತದೆ. +3 ಕಬ್ಬಿಣ ಸಾಮಾನ್ಯ ನೀರಿನಲ್ಲಿ ಕರಗಿ ಉಳಿಯಲಾರದು. ಕೆಂಗಂದು ಬಣ್ಣದ ಹೈಡ್ರಾಕ್ಸೈಡ್ ಆಗಿ ತಳಕ್ಕಿಳಿಯುತ್ತದೆ. ನೀರಿಗೆ ಹೊಸದಾಗಿ ಏನೂ ಸೇರಿಲ್ಲ. ಅದೇ ಕಬ್ಬಿಣ, ಅಷ್ಟೇ ಪ್ರಮಾಣ. ಒಂದು ಎಲೆಕ್ಟ್ರಾನಿನ ವ್ಯತ್ಯಾಸದಿಂದ ಕಣ್ಣಿಗೆ ಕಾಣದಿದ್ದುದು ಕಂಡಿದೆ.

ಉತ್ಕರ್ಷಣ ಸ್ಥಿತಿಯೆಂಬುದು ಒಂದು ವಿಧದ ಲೆಕ್ಕಪತ್ರ. ಪಂಚಾಯಿತಿಯ ಜಮಾ–ಖರ್ಚಿನ ವಹಿಯಲ್ಲಿ ಪ್ರತಿ ರೂಪಾಯಿ ಯಾವ ಶೀರ್ಷಿಕೆಗೆ ಸೇರಿದ್ದೆಂದು ಬರೆಯುವಂತೆ, ಸಂಯುಕ್ತದಲ್ಲಿರುವ ಪ್ರತಿ ಎಲೆಕ್ಟ್ರಾನನ್ನೂ ಯಾವ ಪರಮಾಣುವಿನ ಖಾತೆಗೆ ಹಾಕಬೇಕೆಂದು ರಸಾಯನಶಾಸ್ತ್ರಜ್ಞರು ನಿಯಮ ಮಾಡಿಕೊಂಡಿದ್ದಾರೆ. ಎಲೆಕ್ಟ್ರಾನು ಕಳೆದುಕೊಂಡ ಪರಮಾಣುವಿಗೆ ಧನ ಅಂಕಿ, ಪಡೆದುಕೊಂಡುದಕ್ಕೆ ಋಣ ಅಂಕಿ. ಕಳೆದುಕೊಳ್ಳುವುದು ಉತ್ಕರ್ಷಣ, ಪಡೆದುಕೊಳ್ಳುವುದು ಅಪಕರ್ಷಣ. ಒಬ್ಬರು ಕಳೆದುಕೊಂಡುದನ್ನು ಮತ್ತೊಬ್ಬರು ಪಡೆದಿರಲೇಬೇಕು, ಇಲ್ಲದಿದ್ದರೆ ವಹಿ ತಾಳೆಯಾಗದು. ನೀರಿನ ಆಮ್ಲಜನಕಕ್ಕೆ ಸಾಮಾನ್ಯವಾಗಿ −2, ಜಲಜನಕಕ್ಕೆ +1, ಫ್ಲೋರೈಡಿಗೆ −1. ಕಬ್ಬಿಣಕ್ಕೆ ಮಾತ್ರ +2 ಅಥವಾ +3, ಸಂದರ್ಭಕ್ಕೆ ತಕ್ಕಂತೆ.

ಈ ಲೆಕ್ಕ ತಿಳಿದಾಗ ಪರಿಹಾರವೂ ಸುಲಭವಾಗಿ ಕಾಣುತ್ತದೆ. 1 ಮಿಲಿಗ್ರಾಂ ಆಮ್ಲಜನಕವು ಸುಮಾರು 7 ಮಿಲಿಗ್ರಾಂ ಕಬ್ಬಿಣವನ್ನು +2ರಿಂದ +3ಕ್ಕೆ ತರಬಲ್ಲುದು. ಗಾಳಿಯೊಡನೆ ಚೆನ್ನಾಗಿ ಬೆರೆತ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ 2.5 ಮಿಲಿಗ್ರಾಂ ಕಬ್ಬಿಣವಿರುವ ನೀರನ್ನು ರಂಧ್ರವಿರುವ ತಟ್ಟೆಗಳ ಮೇಲೆ ಜಲಪಾತದಂತೆ ಸುರಿಸಿ, ಕೆಲಕಾಲ ನಿಲ್ಲಿಸಿ, ಮರಳಿನ ಸೋಸುಕದ ಮೂಲಕ ಹಾಯಿಸಿದರೆ ಕಬ್ಬಿಣದ ಬಹುಭಾಗ ಮರಳಿನಲ್ಲಿಯೇ ಉಳಿಯುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಡ. ಆದರೆ ಮರಳನ್ನು ಕಾಲಕಾಲಕ್ಕೆ ಹಿಂದೊತ್ತಿ ತೊಳೆಯುವ ನೀರಗಂಟಿ ಬೇಕು. ನೀರು ತುಸು ಆಮ್ಲೀಯವಾಗಿದ್ದರೆ ಈ ಕ್ರಿಯೆ ಬಹಳ ನಿಧಾನವಾಗುತ್ತದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಪ್ರದೇಶಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಅಂತಹ ಕಡೆ ಸ್ವಲ್ಪ ಸುಣ್ಣ ಬೆರೆಸಬೇಕಾಗಬಹುದು.

ಕೆಂಪು ನೀರು ನಿರಪಾಯವೆಂದು ಇದರ ಅರ್ಥವಲ್ಲ. ಐಎಸ್ 10500 ಮಾನಕದಂತೆ ಕಬ್ಬಿಣದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಅಲ್ಲದೆ +2 ಕಬ್ಬಿಣವು ಬ್ಲೀಚಿಂಗ್ ಪುಡಿಯ ಕ್ಲೋರಿನ್ನನ್ನು ಕಬಳಿಸುತ್ತದೆ. 1 ಮಿಲಿಗ್ರಾಂ ಕಬ್ಬಿಣಕ್ಕೆ ಸುಮಾರು 0.64 ಮಿಲಿಗ್ರಾಂ ಕ್ಲೋರಿನ್ ವ್ಯಯವಾಗುತ್ತದೆ. ತೊಟ್ಟಿಗೆ ಎಂದಿನಷ್ಟೇ ಬ್ಲೀಚಿಂಗ್ ಪುಡಿ ಹಾಕಿದರೂ ಕೊನೆಯ ಮನೆಯ ನಲ್ಲಿಯಲ್ಲಿ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಸಿಗದಿರುವುದಕ್ಕೆ ಇದೂ ಒಂದು ಕಾರಣ. ನೀರಗಂಟಿಯನ್ನು ದೂರುವ ಮೊದಲು ಕಬ್ಬಿಣದ ಅಂಕಿಯನ್ನು ಕೇಳುವುದು ನ್ಯಾಯ.

ಪರೀಕ್ಷೆಯಲ್ಲಿ ನುಸುಳುವ ತಪ್ಪು

ಕಬ್ಬಿಣದ ಪರೀಕ್ಷೆಗೆ ಹೆಚ್ಚಾಗಿ ಬಳಕೆಯಲ್ಲಿರುವ ಕಾರಕ ಫಿನಾಂತ್ರೋಲಿನ್. ಇದರ ಮೂರು ಅಣುಗಳು ಒಂದು +2 ಕಬ್ಬಿಣದ ಪರಮಾಣುವನ್ನು ಸುತ್ತುವರಿಯುತ್ತವೆ. ಪ್ರತಿ ಅಣುವೂ ತನ್ನ ಎರಡು ಸಾರಜನಕ ಪರಮಾಣುಗಳಿಂದ ಕಬ್ಬಿಣವನ್ನು ಹಿಡಿಯುತ್ತದೆ. ಒಟ್ಟು ಆರು ಹಿಡಿತಗಳು. ಆಗ ಕಿತ್ತಳೆ–ಕೆಂಪು ಬಣ್ಣ ಬರುತ್ತದೆ. +3 ಕಬ್ಬಿಣದೊಡನೆ ಈ ಬಣ್ಣ ಬಾರದು. ಆದುದರಿಂದಲೇ ಇಂತಹ ಕಿಟ್ಟಿನಲ್ಲಿ ಮೊದಲು ಒಂದು ಅಪಕರ್ಷಕವನ್ನು, ಸಾಮಾನ್ಯವಾಗಿ ಹೈಡ್ರಾಕ್ಸಿಲಮೀನ್ ಲವಣವನ್ನು, ಹಾಕಿ +3 ಕಬ್ಬಿಣವನ್ನೆಲ್ಲ +2ಕ್ಕೆ ಇಳಿಸಿಕೊಂಡು ಬಳಿಕ ಬಣ್ಣದ ಕಾರಕವನ್ನು ಹನಿಸುವ ಕ್ರಮವಿದೆ. ಥಯೋಸಯನೇಟ್ ಬಳಸುವ ಕಿಟ್ಟುಗಳಲ್ಲಿ ಇದು ತಿರುಗುಮುರುಗು. ಅದು +3 ಕಬ್ಬಿಣದೊಡನೆ ಮಾತ್ರ ರಕ್ತಗೆಂಪಾಗುವುದರಿಂದ ಅಲ್ಲಿ ಮೊದಲ ಬಾಟಲಿಯಲ್ಲಿರುವುದು ಉತ್ಕರ್ಷಕ.

ಇಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಮೊದಲ ಬಾಟಲಿಯ ಕಾರಕ ಮುಗಿದಿದೆಯೆಂದೋ ಅವಧಿ ಮೀರಿದೆಯೆಂದೋ ಎರಡನೆಯದನ್ನು ಮಾತ್ರ ಹಾಕಿದರೆ ಕಬ್ಬಿಣದ ಒಂದು ಭಾಗ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ತಪ್ಪು ಹೆಚ್ಚು ಸಾಮಾನ್ಯವಾದುದು: ಸೋಮವಾರ ಹಿಡಿದ ನೀರನ್ನು ಗುರುವಾರ ಪರೀಕ್ಷಿಸುವುದು. ಅಷ್ಟರಲ್ಲಿ ಕಬ್ಬಿಣವು ಕೆಂಪು ಗಸಿಯಾಗಿ ಬಾಟಲಿಯ ತಳಕ್ಕೂ ಗೋಡೆಗೂ ಅಂಟಿರುತ್ತದೆ. ಮೇಲಿನ ತಿಳಿ ನೀರನ್ನು ಬಗ್ಗಿಸಿ ಪರೀಕ್ಷಿಸಿದರೆ ‘ಕಬ್ಬಿಣ ಮಿತಿಯೊಳಗಿದೆ’ ಎಂಬ ವರದಿ ಬರುತ್ತದೆ. ವರದಿ ಸುಳ್ಳಲ್ಲ, ಬಾಟಲಿಯ ಮೇಲಿನ ನೀರಿನ ಮಟ್ಟಿಗೆ ಅದು ನಿಜವೇ; ಆದರೆ ಕೊಳವೆಬಾವಿಯ ನೀರಿನ ವರದಿ ಅದಲ್ಲ. ಕ್ಷೇತ್ರ ಪರೀಕ್ಷೆಯನ್ನು ಬಾವಿಯ ಬಳಿಯಲ್ಲಿಯೇ, ಪಂಪನ್ನು ಕೆಲವು ನಿಮಿಷ ಓಡಿಸಿದ ನಂತರ ಮಾಡತಕ್ಕದ್ದು. ಪ್ರಯೋಗಾಲಯಕ್ಕೆ ಕಳುಹಿಸುವ ಮಾದರಿಗೆ ಲೋಹಗಳ ಪರೀಕ್ಷೆಗಾಗಿ ಪ್ರತ್ಯೇಕ ಬಾಟಲಿಯಲ್ಲಿ ನೈಟ್ರಿಕ್ ಆಮ್ಲದ ಹನಿಗಳನ್ನು ಸೇರಿಸುವುದು ಇದೇ ಕಾರಣಕ್ಕೆ.

ಆರು ಹಿಡಿತಗಳ ಕಥೆ

ಫಿನಾಂತ್ರೋಲಿನ್ ಕಬ್ಬಿಣವನ್ನು ಹಿಡಿದ ಬಗೆಯ ಸಂಯುಕ್ತಗಳಿಗೆ ಸಮನ್ವಯ ಸಂಯುಕ್ತಗಳು, ಅಂದರೆ ಕೋಆರ್ಡಿನೇಷನ್ ಸಂಯುಕ್ತಗಳು ಎಂದು ಹೆಸರು. ನಡುವೆ ಒಂದು ಲೋಹ. ಸುತ್ತಲೂ ತಮ್ಮಲ್ಲಿರುವ ಎಲೆಕ್ಟ್ರಾನು ಜೋಡಿಯನ್ನು ಅದರೊಡನೆ ಹಂಚಿಕೊಂಡು ನಿಂತ ಅಣುಗಳು ಅಥವಾ ಅಯಾನುಗಳು. ಸುತ್ತ ನಿಂತವನ್ನು ಲಿಗ್ಯಾಂಡುಗಳೆಂದು ಕರೆಯುತ್ತಾರೆ.

ಇವುಗಳ ರಚನೆಯನ್ನು ಮೊದಲು ಸರಿಯಾಗಿ ಊಹಿಸಿದವರು ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಆಲ್ಫ್ರೆಡ್ ವರ್ನರ್. 1893ರಲ್ಲಿ ಅವರು ಈ ವಿಚಾರವನ್ನು ಮಂಡಿಸಿದಾಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಕೋಬಾಲ್ಟ್, ಕ್ಲೋರಿನ್ ಮತ್ತು ಅಮೋನಿಯ ಸೇರಿದ ಕೆಲವು ವಸ್ತುಗಳು ಅಂದು ರಸಾಯನಶಾಸ್ತ್ರಜ್ಞರಿಗೆ ಒಗಟಾಗಿದ್ದವು. ಎಲ್ಲದರಲ್ಲಿಯೂ ಒಂದು ಕೋಬಾಲ್ಟಿಗೆ ಮೂರು ಕ್ಲೋರಿನ್. ಆದರೆ ಆರು ಅಮೋನಿಯ ಇರುವುದು ಹಳದಿ, ಐದು ಇರುವುದು ನೇರಳೆ, ನಾಲ್ಕು ಇರುವುದು ಹಸಿರು. ಬೆಳ್ಳಿಯ ನೈಟ್ರೇಟ್ ಹಾಕಿದರೆ ಬಿಡುವಾಗಿರುವ ಕ್ಲೋರೈಡು ಬಿಳಿಯ ಗಸಿಯಾಗಿ ಇಳಿಯುತ್ತದೆ. ಹಳದಿ ವಸ್ತುವಿನಲ್ಲಿ ಮೂರೂ ಕ್ಲೋರೈಡುಗಳು ಇಳಿದವು, ನೇರಳೆಯಲ್ಲಿ ಎರಡು ಮಾತ್ರ, ಹಸಿರಿನಲ್ಲಿ ಒಂದೇ. ಉಳಿದವು ಎಲ್ಲಿ ಹೋದವು? ಕೋಬಾಲ್ಟಿನ ಸುತ್ತ ಯಾವಾಗಲೂ ಆರು ಸ್ಥಾನಗಳಿವೆ, ಅಮೋನಿಯ ಕಡಿಮೆಯಾದಾಗ ಆ ತೆರವಾದ ಸ್ಥಾನಕ್ಕೆ ಕ್ಲೋರೈಡು ಬಂದು ಕೂರುತ್ತದೆ, ಹಾಗೆ ಕೂತದ್ದು ಬೆಳ್ಳಿಗೆ ಸಿಗುವುದಿಲ್ಲ ಎಂದು ವರ್ನರ್ ಹೇಳಿದರು. ಲೋಹಕ್ಕೆ ಎರಡು ಪ್ರತ್ಯೇಕ ಸಂಖ್ಯೆಗಳಿವೆ ಎಂಬುದು ಅವರ ಮಾತಿನ ತಿರುಳು. ಒಂದು ಲೆಕ್ಕದ ಸಂಖ್ಯೆ, ಅದೇ ಉತ್ಕರ್ಷಣ ಸ್ಥಿತಿ. ಮೂರು ವಸ್ತುಗಳಲ್ಲಿಯೂ ಕೋಬಾಲ್ಟಿಗೆ ಅದು +3. ಇನ್ನೊಂದು ಹಿಡಿತದ ಸಂಖ್ಯೆ. ಇಲ್ಲಿ ಅದು ಆರು. ಎರಡೂ ಒಂದೇ ಆಗಿದ್ದರೂ ಸುತ್ತ ಕೂತವರು ಬದಲಾದರೆ ಬಣ್ಣ ಬದಲಾಗುತ್ತದೆ. 1913ರಲ್ಲಿ ವರ್ನರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ದೂರದ ಊರಿನ ಈ ಕಥೆಗೆ ಗ್ರಾಮದ ಅಡುಗೆಮನೆಯಲ್ಲಿಯೇ ನಿದರ್ಶನವಿದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ತುಕ್ಕು ಸೇರಿಸಿ ಕಪ್ಪು ಮಸಿ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಅಳಲೆಕಾಯಿಯಲ್ಲಿಯೂ ಚಹಾದಲ್ಲಿಯೂ ಇರುವ ಒಗರಿನ ಅಂಶವು +3 ಕಬ್ಬಿಣವನ್ನು ಹಿಡಿದು ಕಡುಗಪ್ಪು ಸಮನ್ವಯ ಸಂಯುಕ್ತವಾಗುತ್ತದೆ. ಕೆಂಪು ನೀರಿನ ಚಹಾ ಮಸಿಯಾಗುವುದು ಇದರಿಂದಲೇ. ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಡನೆ ನುಂಗಬಾರದು, ನಿಂಬೆರಸದೊಡನೆ ತೆಗೆದುಕೊಂಡರೆ ಒಳ್ಳೆಯದು ಎಂದು ಆಶಾ ಕಾರ್ಯಕರ್ತೆಯರು ಹೇಳುವುದರಲ್ಲಿಯೂ ಇದೇ ಶಾಸ್ತ್ರವಿದೆ. ಒಗರು ಕಬ್ಬಿಣವನ್ನು ಬಂಧಿಸಿ ಕರುಳಿಗೆ ಸಿಗದಂತೆ ಮಾಡುತ್ತದೆ; ನಿಂಬೆಯ ಸಿ ಜೀವಸತ್ವವು ಅದನ್ನು ಹೀರಲು ಸುಲಭವಾದ +2 ಸ್ಥಿತಿಯಲ್ಲಿ ಇರಿಸುತ್ತದೆ.

ತಿಳಿ ನೀರಿನ ಪರೀಕ್ಷೆ

ಈಗ ಎರಡನೆಯ ಬಾವಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಗದಗ, ಕೊಪ್ಪಳದ ಕಡೆಯ ಸದಸ್ಯರಿಗೆ ಫ್ಲೋರೈಡಿನ ಪರಿಚಯ ಮಾಡಿಸುವ ಅಗತ್ಯವಿಲ್ಲ. ಗ್ರಾನೈಟಿನಂತಹ ಶಿಲೆಗಳಲ್ಲಿರುವ ಖನಿಜಗಳಿಂದ ಅದು ಅಂತರ್ಜಲಕ್ಕೆ ಇಳಿದುಬರುತ್ತದೆ. ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದಾಗ ಗರಿಷ್ಠ 1.5. ಇದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಕಂದು ಪಟ್ಟಿಗಳು ಮೂಡುತ್ತವೆ. ಒಮ್ಮೆ ಮೂಡಿದವು ಅಳಿಸುವುದಿಲ್ಲ. ಪ್ರಮಾಣ 3 ಮಿಲಿಗ್ರಾಂ ದಾಟಿದರೆ ದೀರ್ಘಕಾಲದಲ್ಲಿ ಮೂಳೆ ಮತ್ತು ಕೀಲುಗಳಿಗೆ ತೊಂದರೆ ಆರಂಭವಾಗುತ್ತದೆ. ಕಾಯಿಸಿ ಕುಡಿಯುವುದರಿಂದ ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಈ ನೀರು ಜನರಿಗೆ ಇಷ್ಟವಾಗುವುದಕ್ಕೂ ರಾಸಾಯನಿಕ ಕಾರಣವಿದೆ. ಕ್ಯಾಲ್ಸಿಯಂ ಹೇರಳವಾಗಿರುವ ನೀರಿನಲ್ಲಿ ಫ್ಲೋರೈಡು ಕ್ಯಾಲ್ಸಿಯಂ ಫ್ಲೋರೈಡಾಗಿ ಗಸಿಗಟ್ಟುವ ಪ್ರವೃತ್ತಿಯಿರುವುದರಿಂದ ಅದು ಒಂದು ಮಟ್ಟ ಮೀರಿ ಏರುವುದು ಕಷ್ಟ. ಹೆಚ್ಚು ಫ್ಲೋರೈಡಿನ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚು. ಆದುದರಿಂದ ಅದು ಹಲವು ವೇಳೆ ಮೆದು ನೀರು: ಸೋಪು ನೊರೆ ಕೊಡುತ್ತದೆ, ಪಾತ್ರೆಗೆ ಗಟ್ಟಿ ಪೊರೆ ಕಟ್ಟುವುದು ಕಡಿಮೆ. ಎಲ್ಲ ಬಾವಿಗಳಲ್ಲಿಯೂ ಹೀಗೆಯೇ ಎಂದು ನಿಯಮ ಮಾಡಲಾಗದು. ಆದರೆ ‘ಗಡುಸು ಇಲ್ಲ, ಒಳ್ಳೆಯ ನೀರು’ ಎಂಬ ತೀರ್ಮಾನವನ್ನು ಫ್ಲೋರೈಡಿನ ಅಂಕಿ ನೋಡದೆ ಸಭೆಯು ಒಪ್ಪಬಾರದು.

ಗಡಸುತನದ ಪರೀಕ್ಷೆಯನ್ನು ಇಲ್ಲಿಯೇ ಹೇಳಿಬಿಡುವುದು ಅನುಕೂಲ. ನೀರಿಗೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣ ಹಾಕಿದಾಗ ಅದು ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅನ್ನು ಸಡಿಲವಾಗಿ ಹಿಡಿದು ದ್ರಾಕ್ಷಿಗೆಂಪಾಗುತ್ತದೆ. ಬಳಿಕ ಹನಿಹನಿಯಾಗಿ ಹಾಕುವುದು ಇಡಿಟಿಎ. ಇದರ ಒಂದೇ ಅಣುವಿಗೆ ಆರು ಕೈಗಳಿವೆ, ನಾಲ್ಕು ಆಮ್ಲಜನಕದವು, ಎರಡು ಸಾರಜನಕದವು. ಏಡಿಯಂತೆ ಲೋಹವನ್ನು ಹಿಡಿದು ಬಣ್ಣದ ಅಣುವಿನಿಂದ ಕಿತ್ತುಕೊಳ್ಳುತ್ತದೆ. ಕೊನೆಯ ಲೋಹ ಕೈತಪ್ಪಿದ ಕ್ಷಣದಲ್ಲಿ ಕೆಂಪು ಹೋಗಿ ನೀಲಿಯಾಗುತ್ತದೆ. ಎಷ್ಟು ಹನಿ ಬಿದ್ದವೋ ಅಷ್ಟು ಗಡಸುತನ. ಇಲ್ಲಿ ಯಾವ ಲೋಹದ ಉತ್ಕರ್ಷಣ ಸ್ಥಿತಿಯೂ ಬದಲಾಗಿಲ್ಲ. ಬರೀ ಹಿಡಿತ ಬದಲಾಗಿದೆ.

ಫ್ಲೋರೈಡಿನ ಪರೀಕ್ಷೆಯೂ ಇದೇ ಜಾತಿಯದು. ಆದರೆ ಓದುವ ಕ್ರಮ ತಲೆಕೆಳಗು. ಪ್ರಚಲಿತವಾಗಿರುವ ಒಂದು ವಿಧಾನದಲ್ಲಿ ಕಾರಕದ ಬಾಟಲಿಯೊಳಗೆ ಜಿರ್ಕೋನಿಯಂ ಲೋಹವು +4 ಸ್ಥಿತಿಯಲ್ಲಿ ಅಲಿಜರಿನ್ ಎಂಬ ಬಣ್ಣದೊಡನೆ ಸೇರಿ ಕೆಂಪಾಗಿರುತ್ತದೆ. ನೀರಿನಲ್ಲಿ ಫ್ಲೋರೈಡು ಇದ್ದರೆ ಅದು ಜಿರ್ಕೋನಿಯಂ ಅನ್ನು ಬಣ್ಣದಿಂದ ಬಿಡಿಸಿ ತಾನೇ ಸುತ್ತುವರಿಯುತ್ತದೆ. ಹಾಗೆ ಆದ ಫ್ಲೋರೈಡಿನ ಸಮನ್ವಯ ಸಂಯುಕ್ತಕ್ಕೆ ಬಣ್ಣವಿಲ್ಲ. ಒಂಟಿಯಾದ ಅಲಿಜರಿನ್ ಹಳದಿಯಾಗಿ ತೋರುತ್ತದೆ. ಆದುದರಿಂದ ಇಂತಹ ಕಿಟ್ಟಿನಲ್ಲಿ ನಸುಗೆಂಪು ಉಳಿದರೆ ಫ್ಲೋರೈಡು ಕಡಿಮೆ, ಹಳದಿಯಾದರೆ ಹೆಚ್ಚು. ಕಡುಬಣ್ಣ ಕಂಡರೆ ಅಪಾಯ, ಬಣ್ಣ ಮಾಸಿದರೆ ಕ್ಷೇಮ ಎಂಬ ವಾಡಿಕೆಯ ಎಣಿಕೆಯಿಂದ ಓದಿದವರು ಫಲಿತಾಂಶವನ್ನು ಉಲ್ಟಾ ಬರೆದುಬಿಡುವ ಸಂಭವವಿದೆ. ಪ್ರತಿ ಕಿಟ್ಟಿನೊಡನೆ ಬರುವ ಬಣ್ಣಫಲಕವನ್ನು ಹಗಲು ಬೆಳಕಿನಲ್ಲಿಯೇ ಹಿಡಿದು ನೋಡಬೇಕು. ಟ್ಯೂಬ್‌ಲೈಟಿನ ಕೆಳಗೆ ನಸುಗೆಂಪು–ಹಳದಿಯ ನಡುವಣ ಛಾಯೆಗಳು ಮೋಸ ಮಾಡುತ್ತವೆ.

ಈ ಪರೀಕ್ಷೆಯನ್ನು ಕೆಡಿಸುವ ಎರಡು ವಸ್ತುಗಳು ಪಂಚಾಯಿತಿಯ ದಾಸ್ತಾನಿನಲ್ಲಿಯೇ ಇರುತ್ತವೆ. ಮೊದಲನೆಯದು ಬ್ಲೀಚಿಂಗ್ ಪುಡಿ. ಅದರ ಕ್ಲೋರಿನ್ ಬಣ್ಣವನ್ನೇ ಉತ್ಕರ್ಷಿಸಿ ಬಿಳಿಚಿಸುವುದರಿಂದ, ಫ್ಲೋರೈಡು ಇಲ್ಲದಿದ್ದರೂ ಇದ್ದಂತೆ ತೋರುತ್ತದೆ. ಎರಡನೆಯದು ಪಟಿಕ. ಇದರಲ್ಲಿರುವ +3 ಅಲ್ಯೂಮಿನಿಯಂ ಫ್ಲೋರೈಡನ್ನು ಬಿಗಿಯಾಗಿ ಹಿಡಿಯುವ ಲೋಹ. ಆ ಹಿಡಿತದಲ್ಲಿರುವ ಫ್ಲೋರೈಡು ಜಿರ್ಕೋನಿಯಂಗೆ ಸಿಗುವುದಿಲ್ಲ. ಕಿಟ್ಟು ನಿಜಕ್ಕಿಂತ ಕಡಿಮೆ ಅಂಕಿ ಕೊಡುತ್ತದೆ. ಕುತೂಹಲದ ಸಂಗತಿಯೆಂದರೆ, ಫ್ಲೋರೈಡನ್ನು ನೀರಿನಿಂದ ತೆಗೆಯಲು ನೆರವಾಗುವುದೂ ಅಲ್ಯೂಮಿನಿಯಮ್ಮೇ. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ, ಇಂದಿನ ತೆಲಂಗಾಣದ ನಲ್ಗೊಂಡದ ಹೆಸರು ಹೊತ್ತ ವಿಧಾನದಲ್ಲಿ ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ನೀರಿಗೆ ಬೆರೆಸಿ, ಗಸಿ ಇಳಿದ ಮೇಲೆ ಮೇಲಿನ ನೀರನ್ನು ಬಳಸುತ್ತಾರೆ. ಹೀಗೆ ಶುದ್ಧೀಕರಿಸಿದ ನೀರಿನಲ್ಲಿ ಸ್ವಲ್ಪ ಅಲ್ಯೂಮಿನಿಯಂ ಉಳಿದಿದ್ದರೆ, ಅದೇ ನೀರನ್ನು ಕಿಟ್ಟಿನಲ್ಲಿ ಪರೀಕ್ಷಿಸಿ ‘ಫ್ಲೋರೈಡು ಪೂರ್ತಿ ಹೋಯಿತು’ ಎನ್ನುವುದು ಅವಸರದ ಮಾತು. ಪ್ರಯೋಗಾಲಯದಲ್ಲಿ ಇದಕ್ಕೆ ಉಪಾಯವಿದೆ: ಇಡಿಟಿಎಯ ಬಂಧುವಾದ ಇನ್ನೊಂದು ‘ಏಡಿ’ ಅಣುವನ್ನು ಮೊದಲು ಸೇರಿಸುತ್ತಾರೆ. ಅದು ಅಲ್ಯೂಮಿನಿಯಂ ಅನ್ನು ತಾನು ಹಿಡಿದು ಫ್ಲೋರೈಡನ್ನು ಬಿಡುಗಡೆ ಮಾಡುತ್ತದೆ. ಬಳಿಕ ಫ್ಲೋರೈಡ್ ಎಲೆಕ್ಟ್ರೋಡಿನಿಂದ ಅಳೆಯುತ್ತಾರೆ. ಆದುದರಿಂದ ಶುದ್ಧೀಕರಣದ ಹಿಂದಿನ ನೀರಿಗೆ ಕಿಟ್ಟು ಸಾಕು. ನಂತರದ ನೀರಿಗೆ ತಾಲ್ಲೂಕು ಅಥವಾ ಜಿಲ್ಲಾ ಪ್ರಯೋಗಾಲಯದ ವರದಿಯನ್ನೇ ಕೇಳುವುದು ಸರಿ. ಕಿಟ್ಟಿನ ಮಾದರಿಯನ್ನು ತೊಟ್ಟಿಯಿಂದಲ್ಲ, ಬ್ಲೀಚಿಂಗ್ ಪುಡಿ ಬೀಳುವ ಮೊದಲು ಬಾವಿಯ ಬಾಯಿಯಿಂದ ತೆಗೆಯುವುದು.

ಲೆಕ್ಕ ತಪ್ಪಿದರೆ ಸೋಸುಕವೂ ಸೋಲುತ್ತದೆ

ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಪಟ್ಟಿಯಲ್ಲಿ ಆರ್ಸೆನಿಕ್ ಇರುವ ಖನಿಜಗಳಿವೆ. ಅಲ್ಲಿಯ ಕೆಲವು ಗ್ರಾಮಗಳ ಅಂತರ್ಜಲದಲ್ಲಿ ಅದು ಪತ್ತೆಯಾಗಿದೆ. ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ನೀರಿನಲ್ಲಿ ಅದು +3 ಅಥವಾ +5 ಸ್ಥಿತಿಯಲ್ಲಿರುತ್ತದೆ. +5 ಆರ್ಸೆನಿಕ್ ಋಣ ವಿದ್ಯುದಂಶವುಳ್ಳ ಅಯಾನಾಗಿರುವುದರಿಂದ ಕಬ್ಬಿಣದ ಹೈಡ್ರಾಕ್ಸೈಡಿಗೂ ಸಕ್ರಿಯ ಅಲ್ಯೂಮಿನಾಗೂ ಚೆನ್ನಾಗಿ ಅಂಟಿಕೊಳ್ಳುತ್ತದೆ. +3 ಆರ್ಸೆನಿಕ್ ಸಾಮಾನ್ಯ ನೀರಿನಲ್ಲಿ ವಿದ್ಯುದಂಶವಿಲ್ಲದ ಅಣು; ಸೋಸುಕಕ್ಕೆ ಅಷ್ಟಾಗಿ ಅಂಟದು, ಆರ್‌ಒ ಪೊರೆಯನ್ನೂ ಹೆಚ್ಚು ಸುಲಭವಾಗಿ ದಾಟುತ್ತದೆ. ಜೊತೆಗೆ ಎರಡರಲ್ಲಿ ಹೆಚ್ಚು ವಿಷಕಾರಿಯೂ ಅದೇ. ಹೀಗಾಗಿ ಇಂತಹ ಕಡೆ ಸೋಸುವ ಮೊದಲು ಕ್ಲೋರಿನ್ ಹಾಯಿಸಿ +3ನ್ನು +5ಕ್ಕೆ ಏರಿಸುವ ಹಂತ ಅತ್ಯವಶ್ಯ. ಘಟಕದ ಅಂದಾಜುಪಟ್ಟಿಯಲ್ಲಿ ಖರ್ಚು ಉಳಿಸಲೆಂದು ಆ ಹಂತವನ್ನು ಕೈಬಿಟ್ಟಿದ್ದರೆ ಸದಸ್ಯರು ಪ್ರಶ್ನಿಸಬೇಕು. ಆರ್ಸೆನಿಕ್ ಕಿಟ್ಟಿನಲ್ಲಿ ಸತುವು ಮತ್ತು ಆಮ್ಲದಿಂದ ಅದನ್ನು −3 ಸ್ಥಿತಿಗೆ ಇಳಿಸಿ ಆರ್ಸೀನ್ ಅನಿಲ ಮಾಡುತ್ತಾರೆ. ಅದು ಪಾದರಸದ ಬ್ರೋಮೈಡ್ ಲೇಪಿಸಿದ ಕಾಗದವನ್ನು ಹಳದಿಯಿಂದ ಕಂದಿನವರೆಗೆ ಬಣ್ಣಗೂಡಿಸುತ್ತದೆ. ಆರ್ಸೀನ್ ತೀವ್ರ ವಿಷ. ಈ ಪರೀಕ್ಷೆಯನ್ನು ಪಂಚಾಯಿತಿ ಕಚೇರಿಯ ಕೊಠಡಿಯಲ್ಲಾಗಲಿ ಅಂಗನವಾಡಿಯ ಒಳಗಾಗಲಿ ಮಾಡಕೂಡದು, ಬಯಲಿನಲ್ಲಿ ಮಾಡತಕ್ಕದ್ದು. ಬಳಸಿದ ಕಾಗದದಲ್ಲಿ ಪಾದರಸವಿರುವುದರಿಂದ ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಪ್ರತ್ಯೇಕವಾಗಿ ಕೂಡಿಟ್ಟು ಪ್ರಯೋಗಾಲಯಕ್ಕೆ ಹಿಂದಿರುಗಿಸುವುದು ಕ್ಷೇಮ.

ನೈಟ್ರೇಟಿನ ವಿಷಯ ಸಂಕ್ಷೇಪವಾಗಿ. ತಿಪ್ಪೆ, ಶೌಚಗುಂಡಿ ಮತ್ತು ಯೂರಿಯಾದಿಂದ ಬಾವಿಗಿಳಿಯುವ ನೈಟ್ರೇಟಿನಲ್ಲಿ ಸಾರಜನಕದ ಸ್ಥಿತಿ +5. ಹಸುಗೂಸಿನ ಹೊಟ್ಟೆಯಲ್ಲಿ ಅದು +3ರ ನೈಟ್ರೈಟ್ ಆಗುತ್ತದೆ. ಮನುಷ್ಯನ ರಕ್ತದ ಹಿಮೋಗ್ಲೋಬಿನ್ ಸ್ವತಃ ಒಂದು ಸಮನ್ವಯ ಸಂಯುಕ್ತ: ನಡುವೆ +2 ಕಬ್ಬಿಣ, ನಾಲ್ಕು ಸ್ಥಾನಗಳಲ್ಲಿ ಉಂಗುರದ ಸಾರಜನಕಗಳು, ಐದನೆಯದರಲ್ಲಿ ಪ್ರೋಟೀನಿನ ಸಾರಜನಕ, ಆರನೆಯದು ಉಸಿರಿನ ಆಮ್ಲಜನಕಕ್ಕೆ ಮೀಸಲು. ನೈಟ್ರೈಟು ಈ ಕಬ್ಬಿಣವನ್ನು +3ಕ್ಕೆ ಏರಿಸಿದರೆ ಆರನೆಯ ಸ್ಥಾನಕ್ಕೆ ಆಮ್ಲಜನಕ ಬರಲಾರದು, ಮಗು ನೀಲಿಗಟ್ಟುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಬಾರದು. ಕಾಯಿಸಿದರೂ ಇದು ಹೋಗುವುದಿಲ್ಲ.

ಮತ್ತೆ ಎರಡು ಬಾವಿಗಳು

ಮೊದಲಿನ ಗ್ರಾಮಕ್ಕೆ ಹಿಂದಿರುಗಿದರೆ, ಸಭೆಯ ಮುಂದಿರುವ ಪ್ರಶ್ನೆ ಈಗ ಬೇರೆಯಾಗಿ ಕಾಣುತ್ತದೆ. ಕೆಂಪು ನೀರಿನ ಬಾವಿಗೆ ತಟ್ಟೆಗಳ ಗಾಳಿಮಿಶ್ರಣ ಮತ್ತು ಮರಳಿನ ಸೋಸುಕ ಒದಗಿಸಿ ಅದನ್ನೇ ಕುಡಿಯುವ ನೀರಿನ ಮೂಲವನ್ನಾಗಿ ಮಾಡಬಹುದೇ ಎಂದು ಮೊದಲು ಪರಿಶೀಲಿಸುವುದು. ಅದರಲ್ಲಿ ಫ್ಲೋರೈಡು, ನೈಟ್ರೇಟು ಮತ್ತು ರೋಗಾಣುಗಳು ಮಿತಿಯೊಳಗಿವೆಯೇ ಎಂದು ಪ್ರಯೋಗಾಲಯದಿಂದ ದೃಢಪಡಿಸಿಕೊಳ್ಳುವುದು. ತಿಳಿ ನೀರಿನ ಬಾವಿಯನ್ನು ಮುಚ್ಚಲೇಬೇಕೆಂದಿಲ್ಲ. ಬಟ್ಟೆ ಒಗೆಯಲು ಮತ್ತು ಪಾತ್ರೆ ತೊಳೆಯಲು ಅದು ಉತ್ತಮವೇ. ಕುಡಿಯಲು ಅದನ್ನೇ ಬಳಸುವ ಅನಿವಾರ್ಯತೆಯಿದ್ದಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಮೂಲಕವೇ ಕೊಡಬೇಕು. ಅಲ್ಲಿಯವರೆಗೆ ಆ ಬಾವಿಯ ನಲ್ಲಿಯ ಬಳಿ ‘ಈ ನೀರು ಕುಡಿಯಲು ಮತ್ತು ಅಡುಗೆಗೆ ಯೋಗ್ಯವಲ್ಲ’ ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದ ಫಲಕ ಹಾಕಬೇಕು. ಓದಲು ಬಾರದವರಿಗಾಗಿ ನಲ್ಲಿಗೇ ಕೆಂಪು ಬಣ್ಣ ಬಳಿದು, ಅದರ ಅರ್ಥವನ್ನು ಗ್ರಾಮಸಭೆಯಲ್ಲಿ ಬಾಯಿಮಾತಿನಲ್ಲಿ ತಿಳಿಸಬೇಕು. ಕಬ್ಬಿಣದ ನೀರಿನ ಕೆಂಪಿಗೂ ಈ ಬಣ್ಣಕ್ಕೂ ಗೊಂದಲವಾಗುವಂತಿದ್ದರೆ ಬೇರೆ ಬಣ್ಣವನ್ನು ಸಭೆಯೇ ಆರಿಸಿಕೊಳ್ಳಬಹುದು.

ಪರೀಕ್ಷಾ ದಾಖಲೆ ವಹಿಯಲ್ಲಿ ಅಂಕಿಯ ಪಕ್ಕದಲ್ಲಿ ಮಾದರಿ ಹಿಡಿದ ಸ್ಥಳ, ದಿನಾಂಕ, ಹಿಡಿದ ವೇಳೆ, ಪರೀಕ್ಷಿಸಿದ ವೇಳೆ, ಆಗ ನೀರಿಗೆ ಬ್ಲೀಚಿಂಗ್ ಪುಡಿ ಅಥವಾ ಪಟಿಕ ಸೇರಿತ್ತೇ ಎಂಬ ವಿವರ ಹಾಗೂ ಕಾರಕದ ಬಾಟಲಿಯ ಅವಧಿ ಮುಗಿಯುವ ದಿನಾಂಕ, ಈ ಆರು ಅಂಶಗಳನ್ನು ಬರೆಯಿಸುವುದು.